ಬೆನ್ನ ಮೇಲಿನ ಅಂಗೈ

ಗೋಡೆಯ ಮೇಲೆ ಕೆಂಪು ಅಕ್ಷರದಲ್ಲಿ ಎರಡೇ ಮಾತು ಬರೆದಿದ್ದರು. ಝಾಮರ ಎದುರಿಗೆ ನಿಲ್ಲಬೇಡಿ. ಝಾಮರಿಗೆ ಬೆನ್ನು ತೋರಿಸಬೇಡಿ.

ಹೇಮಾಕ್ಷಿ ಎರಡನ್ನೂ ಓದಿಕೊಂಡು ಒಳಗೆ ಹೋದಳು.

ಪರೀಕ್ಷೆಗೆ ಬಂದಿದ್ದ ಝಾಮ ಕಿಟಕಿಯ ಕಡೆ ಮುಖ ಮಾಡಿ ಸ್ಟೂಲಿನ ಮೇಲೆ ಕೂತಿದ್ದ. ಋಷಿಕೊಂಡದ ಗುಡ್ಡದ ಮೇಲಿನ ಆ ಪರೀಕ್ಷಾ ಕೇಂದ್ರದ ಕಿಟಕಿಯಲ್ಲಿ ಸಮುದ್ರ ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಝಾಮರ ಅಂಗಿಗೆ ಬೆನ್ನಿನ ಬಟ್ಟೆ ಇರುವುದಿಲ್ಲ. ಭುಜದಿಂದ ಸೊಂಟದವರೆಗೂ ಬರಿಯ ಮೈ, ಅಲೆ ಈಗಷ್ಟೇ ಬಿಟ್ಟುಹೋದ ಬಂಡೆಯ ಬಣ್ಣ.

ಕೊಲ್ಲಿಯ ನಡುವಿನ ಅವರ ದ್ವೀಪ ಬೆಂಕಿ ಕಾರಿ ಮುಳುಗಿದ ಮೇಲೆ ಝಾಮರು ದೋಣಿಗಳಲ್ಲಿ ವಿಶಾಖಪಟ್ಟಣಕ್ಕೆ ಬಂದು, ಬಂದರಿನಲ್ಲಿ ಮುಳುಗುಗಾರರಾಗಿದ್ದರು. ನೋಡಲು ಮನುಷ್ಯರಂತೆಯೇ. ಆದರೆ ಮುಂಗೈಯ ಚರ್ಮದಡಿ ಒಂದೊಂದು ಎಲುಬಿನ ಅಲಗು. ಜಿಂಕೆಯ ಕೊಂಬಿನಂತೆ ವರ್ಷಕ್ಕೊಮ್ಮೆ ಉದುರಿ ಮತ್ತೆ ಬೆಳೆಯುವಂಥದ್ದು. ಕಾಳಗವೇ ಅವರ ಹಬ್ಬ, ಅದೇ ಅವರ ನ್ಯಾಯ, ಮದುವೆಮನೆಯ ಮನರಂಜನೆಯೂ ಅದೇ.

ಮನುಷ್ಯನಿಗೆ ಸಿಟ್ಟು ಬಂದರೆ ಮೈ ಕಾಯುತ್ತದೆ. ಝಾಮರ ಮೈ ತಣ್ಣಗಾಗುತ್ತದೆ. ರಕ್ತ ಚರ್ಮವನ್ನು ಬಿಟ್ಟು ಸ್ನಾಯುಗಳಿಗೂ ಅಲಗಿನ ಬುಡಕ್ಕೂ ಇಳಿದುಬಿಡುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಅವರ ಕಾಳಗದ ಕಣಗಳಲ್ಲಿ ಉಪಕರಣ ಹಿಡಿದು ಅಳೆದ ವಿಜ್ಞಾನಿಗಳು ಅದಕ್ಕೆ ‘ಕೊಲ್ಲುವ ಶೀತ’ ಎಂದು ಹೆಸರಿಟ್ಟಿದ್ದರು.

ಹೇಮಾಕ್ಷಿ ಅವನ ಹಿಂದೆ ಹೋಗಿ ನಿಂತಳು. ಚಿತ್ರದುರ್ಗದ ಮೆಡಿಕಲ್ ಕಾಲೇಜಿನಲ್ಲಿ ಕಲಿತ ಅಭ್ಯಾಸವೊಂದು ಅವಳಿಗಿತ್ತು: ಸ್ಟೆತಸ್ಕೋಪಿನ ತಣ್ಣನೆ ಲೋಹ ಇಡುವ ಮೊದಲು ಅಂಗೈಗಳನ್ನು ಉಜ್ಜಿ, ಬೆಚ್ಚಗೆ ಮಾಡಿ, ರೋಗಿಯ ಬೆನ್ನ ಮೇಲೆ ಒಂದು ಕ್ಷಣ ಇಡುವುದು. ರೋಗಿ ಬೆಚ್ಚಿ ಬೀಳಬಾರದೆಂದು.

ಅಂಗೈ ಇಟ್ಟಳು.

ಅವನು ಬೆಚ್ಚಲಿಲ್ಲ. ಆದರೆ ಬೆಚ್ಚಗಿದ್ದ ಆ ಬೆನ್ನು ಅವಳ ಕೈಯಡಿಯಲ್ಲೇ, ಬಾವಿಗೆ ಕೊಡ ಇಳಿದಂತೆ, ತಣ್ಣಗಾಗುತ್ತ ಹೋಯಿತು.

“ಅಯ್ಯೋ ದೇವ್ರೇ,” ಅಂದಳು ಮೆಲ್ಲಗೆ. ಆಮೇಲೆ, ಸ್ಟೆತಸ್ಕೋಪ್ ಇಟ್ಟು, “ಉಸಿರು ಎಳ್ಕೊಳ್ಳಿ... ಬಿಡಿ.”

ಅವನು ಎಳೆದುಕೊಂಡ. ಬಿಟ್ಟ. ಕಿಟಕಿಯ ಗಾಜಿನಲ್ಲಿ ಅವನ ಕಣ್ಣು ಅವಳ ಕಣ್ಣನ್ನು ಹುಡುಕುತ್ತಿತ್ತು. ಬೂದುಗಣ್ಣು. ರೆಪ್ಪೆಯೊಳಗೊಂದು ರೆಪ್ಪೆ, ಒಳಗಿನದು ಮಂಜಿನ ಪರದೆಯ ಹಾಗೆ ಸರಿದು ಅವಳಿಗಾಗಿ ತೆರೆಯಿತು.

ಅವನ ಹೆಸರು ಒರೇನ.

*

“ಏನ ಲೇ, ಆ ಅಲಗಿನ ಹುಡುಗನ್ನ ನೋಡಾಕ ಹೊಂಟಿಯೇನು? ಕಾಡಿಗಿ ಭಾಳ ಆತು.” ದ್ವಾರಕಾ ನಗರದ ಬ್ಯಾಂಕಿಗೆ ಹೊರಟ ಅಪೂರ್ವಾ ಕನ್ನಡಿಯಲ್ಲಿ ನೋಡುತ್ತಲೇ ಕೆಣಕಿದಳು. ಹುಬ್ಬಳ್ಳಿಯವಳು; ವರ್ಗವಾಗಿ ಬಂದು ಹೇಮಾಕ್ಷಿಯ ಜೊತೆ ಮನೆ ಹಂಚಿಕೊಂಡಿದ್ದಳು.

“ಸುಮ್ನಿರು. ನಂಗೆ ಅವನನ್ನ ಕಂಡ್ರೆ ಭಯ.”

“ಭಯ ಇದ್ದವ್ರು ಹಿಂಗ ಎರಡ ಸಲ ತಲಿ ಬಾಚ್ಕೊಳ್ಳೂದಿಲ್ಲವಾ.”

ಹೇಮಾಕ್ಷಿ ಬಾಚಣಿಗೆ ಕೆಳಗಿಟ್ಟಳು. ಭಯ ನಿಜವೇ ಆಗಿತ್ತು. ಅದೊಂದೇ ಆಗಿರಲಿಲ್ಲ.

ವಾರ ವಾರವೂ ಅವನು ಪರೀಕ್ಷೆಗೆ ಬರುತ್ತಿದ್ದ. ಬೇರೆಯವರು ಮುಟ್ಟಿದಾಗ ಅವನ ಮೈ ಬೆಚ್ಚಗಿರುತ್ತಿತ್ತು. ಕಾವಲಿನ ಫಣಿ ತೋಳು ಹಿಡಿದು ಎಳೆದರೂ ಅಷ್ಟೇ. ಹೇಮಾಕ್ಷಿ ಹಿಂದೆ ಬಂದು ನಿಂತರೆ ಮಾತ್ರ ತಣ್ಣಗಾಗುತ್ತಿತ್ತು, ಪ್ರತಿ ಬಾರಿಯೂ ಹೆಚ್ಚು. ಮುಂಗೈಯಲ್ಲಿ ಅಲಗಿನ ತುದಿ ಚರ್ಮವನ್ನು ಒಳಗಿನಿಂದ ಒತ್ತುವುದು ಕಾಣುತ್ತಿತ್ತು.

ಅವನಿಗೆ ನನ್ನನ್ನು ಕೊಲ್ಲಬೇಕೆನಿಸುತ್ತಿದೆ, ಎಂದುಕೊಂಡಳು. ಅವನಿಗೇ ತಿಳಿಯದೆ ಇರಬಹುದು. ಮೈಗೆ ತಿಳಿದಿದೆ.

ಆದರೆ ಅದೇ ಬಾಯಿ ಒಂದು ದಿನ ಗಾಜಿನಲ್ಲಿ ನಕ್ಕು, ಕನ್ನಡದಲ್ಲಿ ಹೇಳಿತು: “ಅಯ್ಯೋ ದೇವ್ರೇ.”

ಅವಳು ಹೌಹಾರಿದಳು. “ಇದನ್ನ ಎಲ್ಲಿ ಕಲಿತ್ರಿ?”

“ನಿಮ್ಮ ಹತ್ರ. ನೀವು ಮುಟ್ಟಿದಾಗೆಲ್ಲ ಹೇಳ್ತೀರಿ. ನಂದು ತೆಲುಗು, ಬಂದರಿನದು. ಕನ್ನಡ ಮಾತ್ರ ನಿಮ್ಮದು. ಸರಿಯಾ ಮೇಡಂ?”

“ಸರಿ. ಆದ್ರೆ ಅದು ಭಯ ಆದಾಗ ಹೇಳೋದು.”

ಅವನ ನಗು ಅರ್ಧಕ್ಕೆ ನಿಂತಿತು. “ಭಯವಾ? ನಾನು ಬೇರೆ ಏನೋ ಅಂದ್ಕೊಂಡಿದ್ದೆ.”

ಅವಳ ಕಿವಿ ಕೆಂಪಾಯಿತು. ಅಂದು ಅವನ ಬೆನ್ನಿನಿಂದ ಕೈ ತೆಗೆಯಲು ಮರೆತಳು. ನೆನಪಾದಾಗ ಬೆರಳುಗಳು ಮರಗಟ್ಟಿದ್ದವು.

ಆ ಶೀತದ ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ. ಕಾರಣವಿಲ್ಲದೆ ತಣ್ಣಗಾಗುವ ಝಾಮನಿಗೆ, ಝಾಮರ ಮೇಲೆ ಅಧಿಕಾರವಿದ್ದ ವಿಜಯವಾಡದ ಮಂಡಳಿ ಒಂದೇ ಪರಿಹಾರ ಕೊಡುತ್ತಿತ್ತು: ಎರಡೂ ಅಲಗನ್ನು ಬುಡಸಮೇತ ಕಿತ್ತುಹಾಕುವುದು. ಅಲಗಿನ ಬುಡದಲ್ಲೇ ಬೆರಳುಗಳ ನರವಿರುತ್ತದೆ. ಕಿತ್ತ ಮೇಲೆ ಆ ಕೈ ಮತ್ತೇನನ್ನೂ ಹಿಡಿಯುವುದಿಲ್ಲ.

ಬಚ್ಚಿಟ್ಟದ್ದು ಹೆಚ್ಚು ಕಾಲ ಉಳಿಯಲಿಲ್ಲ. ಕೇಂದ್ರದ ಮುಖ್ಯಸ್ಥ ಉಮಾಪತಿ ಕೋಣೆಗೆ ಹೊಸದಾಗಿ, ಮೈಯ ಬಿಸಿಯನ್ನು ಬಣ್ಣದಲ್ಲಿ ತೋರಿಸುವ ಥರ್ಮಲ್ ಕ್ಯಾಮೆರಾ ಹಾಕಿಸಿದರು. ಪರದೆಯ ಮೇಲೆ ಒರೇನ ಕಿತ್ತಳೆ ಬಣ್ಣದಲ್ಲಿ ಕೂತಿದ್ದ. ಹೇಮಾಕ್ಷಿ ಹಿಂದೆ ಬಂದಳು. ಅವನು ನೀಲಿಯಾದ.

“ಎಷ್ಟು ದಿನದಿಂದ ಹೀಗೆ?” ಉಮಾಪತಿಯವರ ದನಿ ನಡುಗಿತು. “ನಿನ್ನ ಜೀವ ಹೋಗ್ತಿತ್ತಲ್ಲಮ್ಮಾ! ಮಂಡಳಿ ಮುಂದೆ ನೀನೇ ಬಂದು ಹೇಳ್ಬೇಕು.”

*

ವಿಜಯವಾಡದ ರೈಲಿನಲ್ಲಿ ಅವನು ಕಿಟಕಿಯ ಪಕ್ಕ, ಅವಳು ಅವನ ಪಕ್ಕ. ಎದುರು ಸೀಟಿನಲ್ಲಿ ಫಣಿ ತೊಡೆಯ ಮೇಲೆ ಕರೆಂಟಿನ ಕೋಲು ಇಟ್ಟುಕೊಂಡು ಕಡಲೆಕಾಯಿ ಬಿಡಿಸುತ್ತಿದ್ದ. ತುನಿ ನಿಲ್ದಾಣ ದಾಟಿದ ಮೇಲೆ ಅವನ ತಲೆ ನಿದ್ದೆಗೆ ವಾಲಿತು.

ರೈಲು ಗೋದಾವರಿಯ ಸೇತುವೆ ಹತ್ತಿದಾಗ ಬೋಗಿ ಅಲುಗಿ, ಒರೇನನ ತೋಳು ಅವಳ ತೋಳಿಗೆ ತಾಕಿತು. ಹಿಮ. ಅವಳು ಸರಿದು ಕೂತಳು. ಆಮೇಲೆ, ಕೆಳಗೆ ಅಷ್ಟಗಲ ನೀರು ಹರಿಯುತ್ತಿದ್ದುದರಿಂದಲೋ ಏನೋ, ಕೇಳಿಯೇಬಿಟ್ಟಳು.

“ಒರೇನ, ನಿಜ ಹೇಳಿ. ನನ್ನನ್ನ ಕೊಲ್ಬೇಕು ಅನ್ಸುತ್ತಾ?”

ಅವನು ತಿರುಗಿ ನೋಡಿದ. ಒಳರೆಪ್ಪೆ ಎರಡು ಸಲ ಮುಚ್ಚಿ ತೆರೆಯಿತು. “ಯಾರನ್ನ? ನಿಮ್ಮನ್ನಾ?”

“ಮೈ ತಣ್ಣಗಾಗುತ್ತಲ್ಲ. ಅದು ಕೊಲ್ಲೋ ಶೀತ.”

“ಯಾರು ಹಾಗಂದದ್ದು?”

“ಕಣದಲ್ಲಿ ಅಳೆದವರು.”

“ಕಣದಲ್ಲಿ ಅವರು ಮುಂದೆ ಮಾತ್ರ ನೋಡಿದ್ದಾರೆ.” ಅವನು ತಡೆತಡೆದು, ತೆಲುಗು ಬೆರೆಸಿ ಹೇಳಿದ. “ಝಾಮ ತನಗೋಸ್ಕರ ಕಾದಾಡಲ್ಲ. ಹಿಂದೆ ಒಬ್ಬರಿರ್ತಾರೆ. ಮೊದಲ ಸಲ ಬಂದು, ಬೆನ್ನ ಮೇಲೆ ಬರಿ ಅಂಗೈ ಇಡ್ತಾರೆ. ‘ನಾನು ನಿನ್ನವಳು’ ಅಂತ. ನಾವು ಒಪ್ಪಿಕೊಂಡರೆ ಅಲ್ಲಿಗೆ ಮದುವೆ ಮುಗೀತು. ಆಮೇಲೆ ಅವರು ಹತ್ತಿರ ಇದ್ದಾಗೆಲ್ಲ ಮೈ ತಣ್ಣಗಾಗುತ್ತೆ, ಅವರನ್ನ ಕಾಪಾಡೋದಕ್ಕೆ. ಕೊಲ್ಲೋದಕ್ಕಲ್ಲ. ಕಳ್ಕೊಳ್ಳೋಕೆ ಏನೂ ಇಲ್ಲದವನ ಮೈ ತಣ್ಣಗಾಗೋದೇ ಇಲ್ಲ.”

ಎಷ್ಟು ಸರಳ ತಪ್ಪು! ಕಾದಾಡುವವರನ್ನಷ್ಟೇ ಅಳೆದಿದ್ದರು, ಅವರ ಹಿಂದೆ ನಿಂತವರ ಕಡೆಗೆ ಯಾರೂ ಉಪಕರಣ ತಿರುಗಿಸಿರಲಿಲ್ಲ.

“ಯಾವಾಗಲೂ ಹೆಂಗಸೇ ಹಿಂದೆ ನಿಲ್ಲೋದಾ?” ಎಂದಷ್ಟೇ ಕೇಳಿದಳು.

“ಇಲ್ಲಪ್ಪ. ನಮ್ಮಮ್ಮ ಮುಂದೆ, ಅಪ್ಪ ಹಿಂದೆ. ಅಮ್ಮನ ಮೈ ಸದಾ ತಣ್ಣಗೆ. ಅಪ್ಪನ ಕೈ ಬೆಚ್ಚಗೆ. ಹಿಂದಿನವರಿಗೆ ಕಾಪಾಡೋ ಕೆಲಸ ಇಲ್ಲವಲ್ಲ.” ಅವನು ನಕ್ಕ. “ಮೊದಲ ದಿನ ನೀವು ಒಂದು ಮಾತೂ ಆಡದೆ ಹಿಂದೆ ಬಂದು ಕೈ ಇಟ್ರಿ. ಎಂಥ ಧೈರ್ಯದವಳಪ್ಪಾ ಅಂದ್ಕೊಂಡೆ.”

ಸೇತುವೆ ಮುಗಿಯಿತು. ಗದ್ದಲ ಒಮ್ಮೆಲೇ ಇಳಿದು, ಅವಳ ಮೌನ ಬಯಲಿಗೆ ಬಿತ್ತು.

“ಮೇಡಂ?” ಅವನ ನಗು ನಿಧಾನವಾಗಿ ಆರಿತು. “ನೀವು ಹಿಂದೆ ನಿಂತದ್ದು ಯಾಕೆ?”

“ಗೋಡೆ ಮೇಲೆ... ಬರೆದಿದ್ರು. ಎದುರಿಗೆ ನಿಲ್ಲಬೇಡಿ ಅಂತ.”

“ಭಯಕ್ಕಾ?”

ಅವಳಿಗೆ ಸುಳ್ಳು ಹೇಳಲಾಗಲಿಲ್ಲ.

ಅವನು ತಲೆಯಾಡಿಸಿದ. ಕೂತಲ್ಲೇ ತಿರುಗಿ, ಬೆನ್ನನ್ನು ಕಿಟಕಿಗೆ ಒತ್ತಿಕೊಂಡ, ಅಲ್ಲಿಗೆ ಇನ್ನು ಯಾರ ಕೈಯೂ ಹೋಗದಂತೆ.

“ಇನ್ನು ನನ್ನ ಹಿಂದೆ ನಿಲ್ಲಬೇಡಿ,” ಅಂದ. “ನಾನು ಹೇಗೂ ತಣ್ಣಗಾಗ್ತೀನಿ. ಒಪ್ಪಿಕೊಂಡಿದ್ದೀನಲ್ಲ.”

*

ಮಂಡಳಿಯ ಕೋಣೆಯಲ್ಲಿ ಎ.ಸಿ. ಗುಂಯ್‌ಗುಟ್ಟುತ್ತಿತ್ತು. ಗೋಡೆಯ ಥರ್ಮಲ್ ಪರದೆಯ ಮೇಲೆ ಒರೇನ ನೀಲಿಯಾಗಿ ನಿಂತಿದ್ದ. ಫಣಿ ಕೋಲು ಹಿಡಿದು ಅವನ ಪಕ್ಕದಲ್ಲಿದ್ದ. ಅಧ್ಯಕ್ಷೆ ಶಾರದಾ ಹೇಮಾಕ್ಷಿಯ ಮಾತನ್ನೆಲ್ಲ ಕೇಳಿ ಕನ್ನಡಕ ತೆಗೆದರು. ಬಳ್ಳಾರಿಯಲ್ಲಿ ಓದಿದವರು, ಕನ್ನಡ ಬರುತ್ತಿತ್ತು.

“ಚೂಡಮ್ಮಾ, ನೋಡು, ಕಥೆ ಚೆನ್ನಾಗಿದೆ. ಆದರೆ ಇವನು ಹೇಳಿದ್ದು, ನೀನು ನಂಬಿದ್ದು. ಇದಕ್ಕೆ ಪುರಾವೆ ಏನು? ಈಗಲೂ ಹಿಮವಾಗಿದ್ದಾನೆ ನೋಡು.”

“ಮಾತಾಡಿ ಉಪಯೋಗ ಇಲ್ಲ ಮೇಡಂ,” ಎಂದರು ಉಮಾಪತಿ ಮರುಕದಿಂದ. “ಹುಡುಗಿ ಹೆದರಿದ್ದಾಳೆ.”

ಹೌದು, ಹೆದರಿದ್ದಳು. ಒರೇನನ ಮುಂಗೈಗಳನ್ನು ನೋಡಿದಳು. ನಾಳೆಯಿಂದ ಈ ಕೈ ಏನನ್ನೂ ಹಿಡಿಯುವುದಿಲ್ಲ.

ಹೇಮಾಕ್ಷಿ ಕುರ್ಚಿಗಳ ನಡುವೆ ಹಾದು ಅವನತ್ತ ನಡೆದಳು. “ಮೇಡಂ ಗಾರು, ವದ್ದು! ಬೇಡ!” ಎಂದು ಫಣಿ ಕೂಗಿದ. ಅವಳು ನಿಲ್ಲಲಿಲ್ಲ. ಒರೇನನ ಎದುರಿಗೆ ಬಂದಳು. ಮೊದಲ ಸಲ ಎದುರುಬದುರು ನಿಂತು ಅವನ ಕಣ್ಣು ನೋಡಿದಳು. ಅವನ ತುಟಿ ಏನೋ ಕೇಳಲು ತೆರೆಯಿತು.

ಅವಳು ತಿರುಗಿ, ಅವನಿಗೆ ಬೆನ್ನು ಮಾಡಿ ನಿಂತಳು. ಕುತ್ತಿಗೆಯ ಮೇಲಿದ್ದ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು.

ಹಿಂದಿನಿಂದ ಸದ್ದಿಲ್ಲ. ಅವನು ಕಾಣಿಸುತ್ತಿಲ್ಲ, ಅವನ ಶೀತ ಮಾತ್ರ ಕುತ್ತಿಗೆಗೆ ತಟ್ಟುತ್ತಿದೆ. ಅವನು ಹೇಳಿದ್ದು ಸುಳ್ಳಾಗಿದ್ದರೆ? ನಿಜವೇ ಆಗಿದ್ದು, ಈಗ ನಾನೇ ಬೇಡವಾಗಿದ್ದರೆ? ಯಾವ ಭಯ ದೊಡ್ಡದೆಂದು ಅವಳಿಗೇ ತಿಳಿಯಲಿಲ್ಲ.

“ಇವರ ಮೇಲೆ ಕೈ ಮಾಡೋರು ಮೊದಲು ನನ್ನನ್ನ ದಾಟಿ ಹೋಗ್ಬೇಕು,” ಅಂದಳು ಮಂಡಳಿಗೆ.

ಮೂಳೆಯ ಮೇಲೆ ಚರ್ಮ ಸರಿಯುವ ಸಣ್ಣ ಸದ್ದು. ಅಲಗು ಹೊರಗೆ ಬರುತ್ತಿದೆಯೋ, ಒಳಗೆ ಹೋಗುತ್ತಿದೆಯೋ? ಅವಳು ಕಣ್ಣು ಮುಚ್ಚಿದಳು.

ಬೆನ್ನ ಮೇಲೆ, ಎರಡು ರೆಕ್ಕೆಮೂಳೆಗಳ ನಡುವೆ, ಒಂದು ಅಂಗೈ ಬಂದು ಕೂತಿತು. ಕುಪ್ಪಸ ತೂರಿ ಬರುವಷ್ಟು ತಣ್ಣಗೆ.

ಅವಳು ಅಲುಗಲಿಲ್ಲ.

ಮೆಲ್ಲಗೆ, ಒಲೆಯ ಪಕ್ಕ ಮರೆತಿಟ್ಟ ಪಾತ್ರೆಯ ಹಾಗೆ, ಆ ಕೈ ಬೆಚ್ಚಗಾಗತೊಡಗಿತು. ಬೆರಳ ತುದಿಗಳು ಮೊದಲು, ಆಮೇಲೆ ಅಂಗೈಯ ಗುಳಿ. ಯಾರೋ “ಅಬ್ಬಾ” ಅಂದರು. ಅವಳು ಕಣ್ಣು ತೆರೆದಾಗ ಪರದೆಯ ಮೇಲೆ ಅವಳ ಹಿಂದಿನ ನೀಲಿ ಕರಗುತ್ತಿತ್ತು. ಕೈಯಿಂದ ತೋಳಿಗೆ, ತೋಳಿನಿಂದ ಎದೆಗೆ ಕಿತ್ತಳೆ ಹಬ್ಬುತ್ತಿತ್ತು.

ಶಾರದಾ ಬಹಳ ಹೊತ್ತು ಪರದೆಯನ್ನೇ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಆಮೇಲೆ ಫಣಿಗೆ ಕೈಸನ್ನೆ ಮಾಡಿದರು. “ಆ ಕೋಲು ಕೆಳಗಿಡಪ್ಪಾ. ಯಾರ ಅಲಗನ್ನೂ ಕೀಳೋದು ಬೇಡ. ಎಲ್ಲಾ ಮೊದಲಿನಿಂದ ಅಳೀಬೇಕು.”

ಹೇಮಾಕ್ಷಿಗೆ ಅದು ದೂರದಿಂದ ಕೇಳಿಸಿತು. ಎಷ್ಟು ಹೊತ್ತಿನಿಂದ ಉಸಿರು ಬಿಗಿಹಿಡಿದಿದ್ದಳೋ.

ಬೆನ್ನ ಮೇಲಿನ ಕೈ ಒಂದಿಷ್ಟು ಒತ್ತಿತು. ಕಿವಿಯ ಹತ್ತಿರ, ಅವಳದೇ ಕನ್ನಡದಲ್ಲಿ, ನಗುವನ್ನು ತಡೆದುಕೊಂಡ ದನಿ:

“ಉಸಿರು ಎಳ್ಕೊಳ್ಳಿ...”

ಅವಳು ಎಳೆದುಕೊಂಡಳು.

“ಬಿಡಿ.”