ತೆಗೆಸಲೇಬೇಕಾ?

ಬಸ್ಸಿನ ಸೀಟು ಸರಿಯಿಲ್ಲವೆಂದು ಚಾಲಕಿ ಮತ್ತೆ ದೂರು ಕೊಟ್ಟಾಗ ಡಿಪೋದ ಮೆಕ್ಯಾನಿಕ್‌ಗೆ ರೇಗಿತು. ಹಿಂದಿನ ತಿಂಗಳಷ್ಟೇ ಅದರ ಸ್ಪ್ರಿಂಗ್ ಬದಲಿಸಿದ್ದ. ತಾನೇ ಹತ್ತಿ ಕೂತು, ಹಿಂದೆ ಮುಂದೆ ಜರುಗಿಸಿ ನೋಡಿದ.

"ಇದರಲ್ಲೇನು ಕಮ್ಮಿ ಆಗಿದೆ ಮೇಡಂ? ಸಿಂಹಾಸನ ಬೇಕಿತ್ತಾ?"

ಅವಳು ನಗಲಿಲ್ಲ. ಹಣೆಯಲ್ಲಿ ಬೆವರಿತ್ತು, ಒಂದು ಕೈ ಹೊಟ್ಟೆಯನ್ನು ಒತ್ತಿ ಹಿಡಿದಿತ್ತು. "ಈ ಬಿಳಿ ಕವರ್ ತೆಗೆದು ಕಪ್ಪಗಿರೋದು ಹಾಕ್ಕೊಡಿ, ಸಾಕು," ಎಂದು ತಿರುಗಿ ಹೊರಟಳು. ಆಗ ಅವನಿಗೆ ಅವಳ ಬಟ್ಟೆಯ ಮೇಲಿನ ಕಲೆ ಕಂಡಿತು.

ಗೂಟದಲ್ಲಿದ್ದ ತನ್ನ ಜಾಕೆಟ್ ತೆಗೆದುಕೊಂಡು ಹಿಂದೆಯೇ ಹೋದ. "ಸೊಂಟಕ್ಕೆ ಕಟ್ಕೊಳ್ಳಿ. ಗ್ರೀಸ್ ವಾಸನೆ ಬರುತ್ತೆ, ಸ್ವಲ್ಪ ಸಹಿಸ್ಕೋಬೇಕು."

ಜಾಕೆಟ್ ಒಗೆಸಿಕೊಂಡು, ಇಸ್ತ್ರಿಯಾಗಿ ವಾಪಸ್ ಬಂತು. ಇಷ್ಟು ಮರ್ಯಾದೆ ಕಂಡು ಜಾಕೆಟ್‌ಗೇ ನಾಚಿಕೆಯಾಗಿದೆ ಎಂದ ಅವನು. ಈ ಸಲ ಅವಳು ನಕ್ಕಳು. ನಗುವಾಗ ಅವಳ ಎಡಗಣ್ಣು ಬಲಗಣ್ಣಿಗಿಂತ ಒಂದು ಗಳಿಗೆ ಮೊದಲು ಮುಚ್ಚಿಕೊಳ್ಳುತ್ತಿತ್ತು. ಅದನ್ನು ಮತ್ತೆ ನೋಡಬೇಕೆಂದೇ ಅವನು ಜೋಕುಗಳನ್ನು ಕೂಡಿಡತೊಡಗಿದ.

ಡಿಪೋದ ಕಾಫಿ ಮೆಷಿನ್ ಮುಂದೆ ಇಬ್ಬರ ಬಿಡುವೂ ಹೇಗೋ ಕೂಡಿ ಬರತೊಡಗಿತು. ಮದುವೆಯ ಮಾತನ್ನು ಅವನೇ ಎತ್ತಿದ, ಕಾಫಿ ಆರಿ ತಣ್ಣಗಾಗುವವರೆಗೂ ತಡವರಿಸಿ. ಅವಳು ಉತ್ತರ ಕೊಡದೆ ಎದ್ದುಹೋದಳು. ಆಮೇಲೆ ಬಿಡುವಿನಲ್ಲೂ ಅತ್ತ ಸುಳಿಯಲಿಲ್ಲ.

ತನ್ನಿಂದ ಏನು ತಪ್ಪಾಯಿತೆಂದು ಅವನು ತಲೆ ಕೆಡಿಸಿಕೊಂಡ. ಕೊನೆಗೆ ವರ್ಕ್‌ಶಾಪಿಗೆ ಬಂದು ಅವಳೇ ಹೇಳಿದಳು. ಅಡೆನೋಮಯೋಸಿಸ್ ಅಂತೆ. ಗರ್ಭಕೋಶದ ಒಳಪದರ ಅದರ ಸ್ನಾಯುವಿನೊಳಗೇ ಬೆಳೆದಿದೆ. ಅದಕ್ಕೇ ಈ ನೋವು, ಈ ರಕ್ತಸ್ರಾವ. ಗರ್ಭಕೋಶ ತೆಗೆಸಿಬಿಡಿ ಎಂದಿದ್ದಾರೆ ಡಾಕ್ಟರ್. ತಾನೂ ತೆಗೆಸಿಕೊಂಡು ಆರಾಮಾಗಿರುವ ಅಕ್ಕ, ಸುಮ್ಮನೆ ಯಾಕೆ ನರಳುತ್ತೀ ಎನ್ನುತ್ತಿದ್ದಾಳೆ.

"ನಿಮಗೆ ಮಕ್ಕಳಂದ್ರೆ ಪ್ರಾಣ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಅವನು ಕೈಗೆ ಮೆತ್ತಿದ್ದ ಎಣ್ಣೆಯನ್ನು ತುಂಬ ಹೊತ್ತು ಒರೆಸಿಕೊಂಡ. "ನಾನು ಕೇಳಿದ್ದು ನಿಮ್ಮನ್ನ. ಗರ್ಭಕೋಶನ ಅಲ್ಲ. ತೆಗೆಸಿ ಅನ್ನೋಕೂ, ಬೇಡ ಅನ್ನೋಕೂ ನಾನ್ಯಾರು? ಆದ್ರೆ ಇನ್ನೊಬ್ರು ಡಾಕ್ಟರನ್ನ ಕೇಳಿ. ಗಾಡಿ ಕೆಮ್ಮಿದ ಕೂಡ್ಲೇ ನಾವು ಇಂಜಿನ್ ಇಳಿಸಲ್ಲ."

"ನಾನು ಗಾಡಿ ಅಲ್ಲ."

"ಅಲ್ಲ. ಗಾಡಿ ಆಗಿದ್ರೆ ಈ ಸಂಕಟ ನನಗ್ಯಾಕೆ?"

ಎರಡನೆಯ ಡಾಕ್ಟರ್ ಹಿರಿಯ ಹೆಂಗಸು. ಸ್ಕ್ಯಾನ್ ನೋಡಿ ಮುಗಿಸಿ, "ನಿನಗೇನು ಬೇಕಮ್ಮ?" ಎಂದು ಕೇಳಿದರು. ಈವರೆಗೆ ಯಾರೂ ಕೇಳಿರದ ಪ್ರಶ್ನೆ. ನೋವು ಹೋಗಬೇಕು, ತಾಯಿಯಾಗುವ ಬಾಗಿಲನ್ನು ಈಗಲೇ ಮುಚ್ಚಿಕೊಳ್ಳಲು ಮನಸ್ಸಿಲ್ಲ ಎಂದಳು.

ಡಾಕ್ಟರ್ ಬಿಡಿಸಿ ಹೇಳಿದರು. ಇದು ಕ್ಯಾನ್ಸರ್ ಅಲ್ಲ. ಮಾತ್ರೆಗಳಿವೆ. ಗರ್ಭಕೋಶದೊಳಗೆ ಇಡುವ, ಹಾರ್ಮೋನು ಬಿಡುವ ಪುಟ್ಟ ಕಾಯಿಲ್ ಇದೆ. ಅದು ಇರುವಷ್ಟು ಕಾಲ ಗರ್ಭ ನಿಲ್ಲುವುದಿಲ್ಲ, ಬೇಕೆಂದಾಗ ತೆಗೆಸಬಹುದು. ಪೂರ್ತಿ ಗುಣವಾಗುವುದು ಆಪರೇಷನ್ನಿನಿಂದಲೇ, ನಿಜ. ಬೇರೇನೂ ನಾಟದಿದ್ದರೆ ಅದು ಒಳ್ಳೆಯ ದಾರಿಯೇ, ಆದರೆ ಮೊದಲ ದಾರಿ ಅದೇ ಆಗಬೇಕಿಲ್ಲ. ಮಗು ಆಗುತ್ತದೆಂದು ಮಾತು ಕೊಡಲಾರೆ, ಆಗುವುದೇ ಇಲ್ಲ ಎಂದೂ ಹೇಳಲಾರೆ ಎಂದರು.

ಅವಳು ಕಾಯಿಲ್ ಇಡಿಸಿಕೊಂಡಳು. ಮೊದಲ ತಿಂಗಳುಗಳು ಹೈರಾಣ ಮಾಡಿದವು. ಹನಿಹನಿಯಾಗಿ ಸ್ರಾವ ನಿಲ್ಲಲೇ ಇಲ್ಲ. ನಾನು ಹೇಳಲಿಲ್ಲವೇ ಎಂದು ಗೊಣಗುತ್ತಲೇ ಅಕ್ಕ ಬಿಸಿನೀರಿನ ಚೀಲ ತುಂಬಿಸಿ ಕೊಟ್ಟಳು. ಮೆಕ್ಯಾನಿಕ್ ಮದುವೆಯ ಸುದ್ದಿ ಎತ್ತಲಿಲ್ಲ. ಕಾಫಿ ಮಾತ್ರ ದಿನವೂ ತಂದುಕೊಟ್ಟ.

ಆಮೇಲೆ ನೋವು ಒಂದೊಂದೇ ಹೆಜ್ಜೆ ಹಿಂದೆ ಸರಿಯಿತು. ಒಂದು ತಿಂಗಳು ಅವಳು ಒಂದು ದಿನವೂ ರಜೆ ಹಾಕಲಿಲ್ಲ. ಮುಂದೆ ಆಪರೇಷನ್ ಬೇಕಾದರೂ ಬೇಕಾದೀತು. ಆದರೆ ಆ ತೀರ್ಮಾನ ಈಗ ಅವಳ ಕೈಯಲ್ಲಿತ್ತು, ಸ್ಟೀರಿಂಗ್‌ನ ಹಾಗೆ.

ಒಂದು ಸಂಜೆ ಅವನು ಪ್ರಯಾಣಿಕನಾಗಿ ಅವಳ ಬಸ್ ಹತ್ತಿ ಮುಂದಿನ ಸೀಟಿನಲ್ಲಿ ಕೂತ. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಅವನು ಇಳಿಯಬೇಕಾದ ಜಾಗವೂ ದಾಟಿಹೋಯಿತು. ಕೊನೆಯ ನಿಲ್ದಾಣದಲ್ಲಿ ಅವಳು ಇಂಜಿನ್ ಆರಿಸಿ, ಕನ್ನಡಿಯಲ್ಲಿ ಅವನನ್ನೇ ನೋಡಿದಳು.

"ಮಗು ಆಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ಈಗ ನನ್ನ ಉತ್ತರ ಗೊತ್ತು. ನನ್ನ ಜೊತೆ ಇರ್ತೀಯಾ ನೀನು?"

ಅವನು ಆ ಮಾತನ್ನು ಬಾಯಲ್ಲಿ ಸಕ್ಕರೆ ಕರಗಿಸಿದಂತೆ ಕರಗಿಸಿದ. "ಇರ್ತೀನಿ. ಅಂದ ಹಾಗೆ, ಇಷ್ಟು ದಿನ ಇದ್ದ 'ನೀವು' ಎಲ್ಲಿ ಹೋಯ್ತು?"

"ಹಿಂದಿನ ಸ್ಟಾಪಲ್ಲಿ ಇಳೀತು," ಎಂದಳು ಅವಳು.