ಪೀಪಿಯ ಗಾಡಿ ಹತ್ತಿದ ವೋಟು

“ಒಂದು!” ಎಂದು ಕಿರುಚಿದರು ಅಪ್ಪ. “ಒಂದೇ ಒಂದು!”

ಕೈಯಲ್ಲಿದ್ದ ಸೈಕಲ್ ಪಂಪನ್ನು ಮೇಲಕ್ಕೆ ಎಸೆದೇಬಿಟ್ಟರು. ಅದು ಗೋಡೆಯ ಮೊಳೆಗೆ ತಗುಲಿತು. ಮೊಳೆಯಲ್ಲಿ ನೇತಾಡುತ್ತಿದ್ದ ಟ್ಯೂಬುಗಳೆಲ್ಲ ಜಾರಿ ಟೈಲರ್ ಆಂಟಿಯ ಕೊರಳಿಗೆ ಬಿದ್ದವು. ಆಂಟಿಗೆ ಅದರ ಪರಿವೆಯೇ ಇರಲಿಲ್ಲ. ಟ್ಯೂಬುಗಳ ಸಮೇತ ಕುಣಿಯತೊಡಗಿದರು.

ಪೀಪಿ ಸ್ಟೂಲಿನ ಮೇಲೆ ಹತ್ತಿ ನಿಂತು ಕೂಗಿದಳು. ಅವಳು ಕೂಗಿದರೆ ಮೂರು ಬೀದಿಗೆ ಕೇಳಿಸುತ್ತದೆ. ಅದಕ್ಕೇ ಅವಳಿಗೆ ಪೀಪಿ ಎಂಬ ಹೆಸರು ಬಿದ್ದದ್ದು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇದೆ.

ಆವತ್ತು ಚುನಾವಣೆಯ ರಿಸಲ್ಟ್. ಶಾಲೆಗೆ ರಜೆ. ಪೀಪಿಯ ಅಮ್ಮ ವೋಟು ಎಣಿಸುವ ಡ್ಯೂಟಿಗೆ ಹೋಗಿದ್ದರು. ಬೀದಿಯವರೆಲ್ಲ ಬೆಳಿಗ್ಗೆಯಿಂದ ಅಪ್ಪನ ಸೈಕಲ್ ಶಾಪಿನಲ್ಲೇ ಠಿಕಾಣಿ ಹೂಡಿದ್ದರು. ಕೆಲವರು ಟೈರಿನ ಮೇಲೆ, ಕೆಲವರು ಡಬ್ಬದ ಮೇಲೆ, ಒಬ್ಬರು ರಿಪೇರಿಗೆ ಬಂದ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಟಿವಿ ನೋಡುತ್ತಿದ್ದರು.

ದೇಶದ ಸಂಸತ್ತಿಗೆ ಒಟ್ಟು ಮುನ್ನೂರೊಂದು ಸೀಟು. ಮಧ್ಯಾಹ್ನದ ಹೊತ್ತಿಗೆ ಕೊಡೆ ಪಕ್ಷಕ್ಕೆ ನೂರೈವತ್ತು, ಗಂಟೆ ಪಕ್ಷಕ್ಕೂ ನೂರೈವತ್ತು! ಉಳಿದದ್ದು ಒಂದೇ ಸೀಟು. ಅದು ಪೀಪಿಯ ಊರಿನದು. ಇಲ್ಲಿ ಗೆದ್ದವರದೇ ಸರ್ಕಾರ. ಅಧಿಕಾರಿಗಳು ಒಂದು ಸಲ ಎಣಿಸಿದರು, ಎರಡು ಸಲ ಎಣಿಸಿದರು. ಮೂರನೇ ಸಲವೂ ಎಣಿಸಿ, ಬೆವರು ಒರೆಸಿಕೊಂಡು ಹೇಳಿದರು. ಕೊಡೆ ಪಕ್ಷದ ಲೆಕ್ಕದ ಮೇಡಂ ಗೆದ್ದಿದ್ದಾರೆ. ಒಂದು ವೋಟಿನಿಂದ.

ಲೆಕ್ಕದ ಮೇಡಂ ಅಂದರೆ ಊರಿನ ಅರ್ಧ ಜನರಿಗೆ ಭಾಗಾಕಾರ ಕಲಿಸಿದವರು. ಪೀಪಿಯ ಅಪ್ಪನಿಗೂ ಕಲಿಸಿದ್ದರು. ಅಪ್ಪನಿಗೆ ಅದು ಇನ್ನೂ ಬರುವುದಿಲ್ಲ. ಆದರೂ ಕೊಡೆ ಅಂದರೆ ಅವರಿಗೆ ಪ್ರಾಣ.

“ಆ ಒಂದು ವೋಟು ನನ್ನದೇ!” ಎಂದರು ಟೈಲರ್ ಆಂಟಿ. “ಅರ್ಧ ಹೊಲಿದ ಅಂಗೀನ ಮಷಿನ್‌ನಲ್ಲೇ ಬಿಟ್ಟು ಓಡಿದ್ದೆ. ಗಿರಾಕಿ ಒಂದೇ ತೋಳು ಹಾಕ್ಕೊಂಡು ಕಾಯ್ತಾ ಇದ್ರು!”

“ಏನಿಲ್ಲ, ನನ್ನದು!” ಎಂದ ಪೇಪರ್ ಹಾಕುವ ಅಣ್ಣ. “ಜ್ವರ ಬಂದಿತ್ತು. ನೂರಾ ಎರಡು! ಕಂಬಳಿ ಹೊದ್ಕೊಂಡೇ ಹೋಗಿ ಹಾಕಿ ಬಂದೆ.”

“ನನ್ನದು!” “ನನ್ನದು ರೀ!” ಎಂದು ಶಾಪಿನ ತುಂಬ ಗಲಾಟೆ. ಒಂದು ವೋಟಿಗೆ ಇಪ್ಪತ್ತಾರು ಜನ ವಾರಸುದಾರರು.

ಅಪ್ಪ ನಟ್ಟು ಬಿಚ್ಚುವ ಪಾನಾದಿಂದ ತಗಡಿನ ಡಬ್ಬ ಬಡಿದರು. “ಎಲ್ಲಾ ಸುಮ್ಮನಿರಿ! ಕೊನೆಗೆ ಬಿದ್ದ ವೋಟು ಯಾರದೋ ಅದೇ ಗೆಲ್ಲಿಸಿದ ವೋಟು. ಕೊನೆಗೆ ವೋಟು ಹಾಕಿದ್ದು ಯಾರು? ನಮ್ಮಮ್ಮ! ಆವತ್ತು ಏನಾಯ್ತು ಅಂದ್ರೆ...”

“ಅಪ್ಪಾ, ನೀನು ಅಲ್ಲಿ ಇರಲೇ ಇಲ್ಲ. ನಾನು ಹೇಳ್ತೀನಿ!” ಎಂದಳು ಪೀಪಿ.

ಆಗಿದ್ದು ಹೀಗೆ. ಅಜ್ಜಿಯ ಕಾಲಿಗೆ ಪ್ಲಾಸ್ಟರ್ ಹಾಕಿತ್ತು. ವೋಟಿನ ದಿನ ಅಮ್ಮ ಬೇರೆ ಊರಿನ ಬೂತಿನಲ್ಲಿ ಡ್ಯೂಟಿಯಲ್ಲಿದ್ದರು. ಅಪ್ಪ ಊರೆಲ್ಲ ಸುತ್ತಿ ಜನರನ್ನು ಹೊರಡಿಸುವ ಭರದಲ್ಲಿ ತಮ್ಮ ಅಮ್ಮನನ್ನೇ ಮರೆತಿದ್ದರು. ಸಂಜೆ ಆರಕ್ಕೆ ಬೂತಿನ ಗೇಟು ಮುಚ್ಚುತ್ತದೆ. ಆರಕ್ಕೆ ಹತ್ತು ನಿಮಿಷ ಇದ್ದಾಗ ಅಜ್ಜಿ, “ಪೀಪಿ, ನಾನು ಈವರೆಗೆ ಒಂದು ವೋಟೂ ತಪ್ಪಿಸಿಲ್ಲ ಕಣೇ” ಎಂದರು. ಅವರ ದನಿ ಸಣ್ಣಗಾಗಿತ್ತು.

ಶಾಪಿನ ಮುಂದೆ ಸಾಮಾನು ಸಾಗಿಸುವ ಮೂರು ಚಕ್ರದ ಗಾಡಿ ನಿಂತಿತ್ತು. ಅಜ್ಜಿ ಕೂತಲ್ಲೇ ಮಹಡಿಯ ಮೆಟ್ಟಿಲು ಒಂದೊಂದಾಗಿ ಜಾರಿ ಇಳಿದರು. ಪೀಪಿ ಅವರನ್ನು ಗಾಡಿಯಲ್ಲಿ ಕೂರಿಸಿದಳು. ಪ್ಲಾಸ್ಟರ್ ಹಾಕಿದ ಕಾಲು ಫಿರಂಗಿಯ ಹಾಗೆ ಮುಂದಕ್ಕೆ ಚಾಚಿತ್ತು. ಪೀಪಿ ಎದ್ದು ನಿಂತು ತುಳಿದಳು.

“ಸರೀರೀ! ಸರೀರೀ!” ಎಂದು ಅವಳು ಕೂಗಿದರೆ ಹಾರ್ನ್ ಯಾಕೆ ಬೇಕು? ಬಸ್ಸೇ ಪಕ್ಕಕ್ಕೆ ಸರಿದು ನಿಂತಿತು. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. “ಚೆನ್ನಾಗಿದೆ ಕಣೇ, ಇನ್ನೂ ಜೋರಾಗಿ ಬಿಡು!” ಎಂದು ಅಜ್ಜಿ ಹುರಿದುಂಬಿಸಿದರು. ಗಾಡಿ ನೆಟ್ಟಗೆ ಗೇಟಿನೊಳಕ್ಕೆ ನುಗ್ಗಿ ಮರಳಿನ ರಾಶಿಯಲ್ಲಿ ನಿಂತಿತು. ಅವರ ಹಿಂದೆಯೇ ಗೇಟು ಮುಚ್ಚಿತು.

“ಇದನ್ನು ಕೇಳಿದಿರಾ!” ಎಂದು ಅಪ್ಪ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡರು. “ಸರ್ಕಾರ ತಂದವಳು ನನ್ನ ಮಗಳು!”

ಸುದ್ದಿಗೆ ಕಾಲು ಮೂಡಿತು. ಅರ್ಧ ಗಂಟೆಯಲ್ಲಿ ಟಿವಿಯವರೇ ಬಂದರು. ಮೈಕ್ ಹಿಡಿದ ವರದಿಗಾರ್ತಿ, “ಪುಟ್ಟಿ, ಹೇಗನ್ನಿಸ್ತಿದೆ?” ಎಂದು ಕೇಳಿದರು.

“ನಾನೇ ಸರ್ಕಾರ ಮಾಡಿದ್ದು!” ಎಂದಳು ಪೀಪಿ. “ನಾಳೆಯಿಂದ ಹೋಂವರ್ಕ್ ಇರಲ್ಲ!”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಅಪ್ಪನಿಗೆ ಫೋನ್ ಬಂತು. ಲೆಕ್ಕದ ಮೇಡಂ ತಾವೇ ಬಂದು ಅಜ್ಜಿಗೆ ಥ್ಯಾಂಕ್ಸ್ ಹೇಳುತ್ತಾರಂತೆ, ಇನ್ನು ಹತ್ತು ನಿಮಿಷದಲ್ಲಿ!

ಪೀಪಿ ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಓಡಿದಳು.

ಅಜ್ಜಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಮೂವತ್ತು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಕೊಟ್ಟವರು ಅವರು. ಕಿಟಕಿ ಸಿಕ್ಕಿದಲ್ಲಿ ಕೂತುಬಿಡುತ್ತಾರೆ.

“ಅಜ್ಜೀ, ಬೇಗ ತಲೆ ಬಾಚ್ಕೋ! ಲೆಕ್ಕದ ಮೇಡಂ ಬರ್ತಿದ್ದಾರೆ! ನಿನ್ನ ವೋಟಿನಿಂದಾನೇ ಕೊಡೆ ಗೆದ್ದಿದ್ದು!”

ಅಜ್ಜಿ ಅವಳ ಮುಖವನ್ನೇ ನೋಡಿದರು. ಅವರ ಭುಜ ಅಲುಗಿತು, ಹೊಟ್ಟೆ ಅಲುಗಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಬಾಗಿಲು ಹಾಕು” ಎಂದರು. ಪೀಪಿ ಹಾಕಿದಳು. “ನಾನು ವೋಟು ಹಾಕಿದ್ದು ಗಂಟೆಗೆ ಕಣೇ.”

ಪೀಪಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

“ಗಂ... ಗಂಟೆಗಾ? ಅಪ್ಪನಿಗೆ ಗೊತ್ತಾದ್ರೆ?”

“ನಿಮ್ಮಪ್ಪ ಕೇಳಲೇ ಇಲ್ಲವಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಕೂರೋಕೆ ಒಂದು ರೂಮಿಲ್ಲ. ಮೂವತ್ತು ವರ್ಷದಿಂದ ಹೇಳ್ತಾ ಇದ್ದೀನಿ. ಅದನ್ನ ಮಾಡಿಸ್ತೀನಿ ಅಂದವನು ಆ ಗಂಟೆಯವನೊಬ್ಬನೇ.”

ಪೀಪಿ ಬೆರಳು ಮಡಚಿ ಲೆಕ್ಕ ಹಾಕಿದಳು. ಅಜ್ಜಿ ಹೋಗದೇ ಇದ್ದಿದ್ದರೆ ಕೊಡೆ ಎರಡು ವೋಟಿನಿಂದ ಗೆಲ್ಲುತ್ತಿತ್ತು! ಕಾಲು ಸೋಲುವಷ್ಟು ತುಳಿದು ಅವಳು ಅಪ್ಪನ ಪಕ್ಷವನ್ನು ಮುಳುಗಿಸುವುದರಲ್ಲಿದ್ದಳು.

“ನಾನು ಅಷ್ಟು ಜೋರಾಗಿ ಗಾಡಿ ತುಳಿದಿದ್ದು ಗಂಟೆಗಾ?” ಎಂದಳು ಅಳುದನಿಯಲ್ಲಿ.

“ಯಾಕೆ, ಮೊದಲೇ ಗೊತ್ತಿದ್ದಿದ್ದರೆ ತುಳೀತಾ ಇರಲಿಲ್ವಾ?”

ಅಜ್ಜಿ ಗದರಿಸಲಿಲ್ಲ, ಸುಮ್ಮನೆ ಕೇಳಿದರು ಅಷ್ಟೆ. ಪೀಪಿ ಬಾಚಣಿಗೆ ತಂದು ಅಜ್ಜಿಯ ತಲೆ ಬಾಚತೊಡಗಿದಳು.

ಕೆಳಗೆ ಡ್ರಮ್ಮಿನ ಸದ್ದು ಕೇಳಿಸಿತು. ಅಪ್ಪನೂ ಪೇಪರ್ ಅಣ್ಣನೂ ಬಂದು ಅಜ್ಜಿಯನ್ನು ಕುರ್ಚಿಯ ಸಮೇತ ಎತ್ತಿಕೊಂಡು ಇಳಿದರು. “ಮೆಲ್ಲಗೆ ಕಣ್ರೋ, ನಾನೇನು ಪಾರ್ಸೆಲ್ಲಾ?” ಎಂದು ಅಜ್ಜಿ ದಾರಿಯುದ್ದಕ್ಕೂ ಬೈದರು.

ಬೀದಿಯಲ್ಲಿ ಬಣ್ಣದ ಕಾಗದ ಹಾರುತ್ತಿತ್ತು. ಬಿಸಿಲಿನಲ್ಲೂ ನೂರಾರು ಕೊಡೆಗಳು ಬಿಚ್ಚಿಕೊಂಡಿದ್ದವು. ಲೆಕ್ಕದ ಮೇಡಂ ಜನರ ನಡುವೆ ದಾರಿ ಮಾಡಿಕೊಂಡು ಬಂದು ಅಜ್ಜಿಯ ಎರಡೂ ಕೈ ಹಿಡಿದುಕೊಂಡರು.

“ಅಮ್ಮಾ, ನಿಮ್ಮ ಆ ಒಂದು ವೋಟು...”

ಕ್ಯಾಮೆರಾ ಹತ್ತಿರ ಬಂತು. ಅಪ್ಪ ಎದೆಯುಬ್ಬಿಸಿ ನಿಂತರು. ಪೀಪಿ ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು. ಇಲ್ಲದಿದ್ದರೆ ಮಾತು ತಾನಾಗಿಯೇ ಹಾರಿಬಿಡುತ್ತಿತ್ತು.

“ಮೇಡಂ, ನಾನು ಯಾರಿಗೆ ವೋಟು ಹಾಕಿದೆ ಅಂತ ಹೇಳಲ್ಲ” ಎಂದರು ಅಜ್ಜಿ. “ಆದರೆ ಗೆದ್ದವರು ನೀವು. ಅದಕ್ಕೇ ನಿಮ್ಮನ್ನ ಕೇಳ್ತೀನಿ. ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಒಂದು ರೂಮ್ ಕಟ್ಟಿಸ್ತೀರಾ?”

ಡ್ರಮ್ಮು ನಿಂತುಹೋಯಿತು. ಮೇಡಂ ಅಜ್ಜಿಯ ಕಣ್ಣಲ್ಲೇ ಕಣ್ಣಿಟ್ಟು ನೋಡಿದರು. ತಪ್ಪು ಉತ್ತರ ಎಲ್ಲಿ ತಪ್ಪಿದೆ ಎಂದು ಕಂಡುಹಿಡಿದು ಅಭ್ಯಾಸವಿದ್ದ ಕಣ್ಣು ಅದು. ನಿಧಾನಕ್ಕೆ ಅವರ ತುಟಿಯಂಚಿನಲ್ಲಿ ನಗು ಬಂತು.

“ಓಹೋ” ಎಂದರು ಮೆಲ್ಲಗೆ. “ಹಾಗಾದರೆ ಆ ಒಂದು ವೋಟಿನವರನ್ನ ನಾನು ಬೇರೆ ಕಡೆ ಹುಡುಕಬೇಕು.” ಆಮೇಲೆ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು: ಬಸ್ ಸ್ಟ್ಯಾಂಡ್, ರೂಮ್.

“ಅಂಗೈ ತೊಳೆದುಕೊಳ್ಳೋ ಮೊದಲು ಪುಸ್ತಕದಲ್ಲಿ ಬರ್ಕೊಳ್ಳಿ” ಎಂದರು ಅಜ್ಜಿ.

ಮೇಡಂ ಗಟ್ಟಿಯಾಗಿ ನಕ್ಕರು. ಅವರು ನಕ್ಕದ್ದೇ ತಡ, ಡ್ರಮ್ಮು ಮತ್ತೆ ಶುರುವಾಯಿತು. ಜನ ಕುಣಿದರು. ಅಪ್ಪನಿಗೆ ಏನೊಂದೂ ಅರ್ಥವಾಗಿರಲಿಲ್ಲ, ಆದರೂ ಎಲ್ಲರಿಗಿಂತ ಜೋರಾಗಿ ಕುಣಿದದ್ದು ಅವರೇ.

ವರದಿಗಾರ್ತಿ ಪೀಪಿಯ ಮುಂದೆ ಮೈಕ್ ಹಿಡಿದರು. “ನೀನೇ ಹೇಳು ಪುಟ್ಟಿ. ಅಜ್ಜಿ ಕೊಡೆಗೇ ಹಾಕಿದ್ದು, ಅಲ್ವಾ?”

ಮಾತು ಪೀಪಿಯ ನಾಲಿಗೆಯ ತುದಿಗೇ ಬಂದು ಕೂತಿತು. ಹೇಳಿದರೆ ಇಡೀ ದೇಶ ಕೇಳುತ್ತಿತ್ತು. ಅವಳು ಅಜ್ಜಿಯ ಕಡೆ ನೋಡಿದಳು. ಅಜ್ಜಿ ಇವಳ ಕಡೆ ನೋಡಲೂ ಇಲ್ಲ. ತಮ್ಮ ಪ್ಲಾಸ್ಟರ್ ಮೇಲೆ ಬಿದ್ದ ಬಣ್ಣದ ಕಾಗದಗಳನ್ನು ಒಂದೊಂದಾಗಿ ಆರಿಸುತ್ತಿದ್ದರು.

“ನನಗೇನು ಗೊತ್ತು ಆಂಟಿ?” ಎಂದಳು ಪೀಪಿ. “ನಾನು ಬರೀ ಡ್ರೈವರ್.”

ಗುಂಪಿನಿಂದ ನುಸುಳಿಕೊಂಡು ಅವಳು ಬೀದಿಯ ಆಚೆ ಬದಿಗೆ ಬಂದಳು. ಅಲ್ಲಿ ಕಟಿಂಗ್ ಶಾಪಿನ ಬಾಗಿಲಲ್ಲಿ ಕಟಿಂಗ್ ಮಾವ ಒಬ್ಬರೇ ನಿಂತಿದ್ದರು. ಅಪ್ಪನಿಗೆ ಅವರು ಚಡ್ಡಿ ದೋಸ್ತು. ಆದರೆ ಗಂಟೆ ಪಕ್ಷದವರು. ಚುನಾವಣೆ ಶುರುವಾದ ಮೇಲೆ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಬೀದಿಯಲ್ಲಿ ಹಂಚುತ್ತಿದ್ದ ಜ್ಯೂಸಿನ ಒಂದು ಲೋಟವನ್ನು ಪೀಪಿ ಅವರಿಗೆ ತಂದುಕೊಟ್ಟಳು.

“ಆವತ್ತು ನಿನ್ನ ಗಾಡಿಯ ಹಿಂದೇನೇ ಓಡಿ ಬಂದೆ ಕಣಮ್ಮ” ಎಂದರು ಮಾವ. “ಬೆಳಗ್ಗೆಯಿಂದ ಗಿರಾಕಿಗಳು. ಎಲ್ಲರೂ ನೀಟಾಗಿ ಹೋಗಿ ವೋಟು ಹಾಕಲಿ ಅಂತ ಶೇವಿಂಗ್ ಮಾಡ್ತಾನೇ ಇದ್ದೆ. ಕೈಯಲ್ಲಿ ಸೋಪಿನ ಬ್ರಷ್ ಹಿಡ್ಕೊಂಡೇ ಓಡಿದೆ. ನನ್ನ ಮೂಗಿನ ಮುಂದೇನೇ ಗೇಟು ಮುಚ್ಚಿಬಿಟ್ಟರು.” ಅವರು ಲೋಟದೊಳಗೆ ನೋಡಿದರು. “ನಾನೊಬ್ಬ ಹಾಕಿದ್ದರೆ ಸರಿಸಮ ಆಗ್ತಿತ್ತು.”

ಪೀಪಿ ಎದುರಿಗೆ ನೋಡಿದಳು. ಟೈಲರ್ ಆಂಟಿ ಟ್ಯೂಬುಗಳನ್ನು ಇನ್ನೂ ಕೊರಳಿನಲ್ಲೇ ಹಾಕಿಕೊಂಡು ಕುಣಿಯುತ್ತಿದ್ದರು. ಆಂಟಿ ನಿಜವಾಗಿಯೂ ಕೊಡೆಗೇ ಹಾಕಿದರಾ? ಪೇಪರ್ ಅಣ್ಣ? ಯಾರ ಮುಖದ ಮೇಲೂ ಬರೆದಿರಲಿಲ್ಲ. ದಿನಾ ನೋಡುವ ಮುಖಗಳೇ ಇವತ್ತು ಹೊಸದಾಗಿ ಕಂಡವು.

“ಮಾವ, ಮುಂದಿನ ಸಲ ನಿಮ್ಮನ್ನೂ ನಾನೇ ಕರ್ಕೊಂಡು ಹೋಗ್ತೀನಿ” ಎಂದಳು.

“ನಾನು ಗಂಟೆಯವನು ಕಣೇ. ಗೊತ್ತು ತಾನೇ?”

“ಗೊತ್ತು.”

“ನಿಮ್ಮಪ್ಪ ಬೈಯ್ತಾನೆ.”

“ಬೈದ್ರೆ ಬೈಲಿ” ಎಂದಳು ಪೀಪಿ. “ಆದ್ರೆ ಐದೂವರೆಗೇ ಹತ್ತಿ ಕೂತಿರಬೇಕು ಆಯ್ತಾ? ನೀವು ಅಜ್ಜಿಗಿಂತ ಭಾರ.”

ಮಾವನ ಬಾಯಲ್ಲಿದ್ದ ಜ್ಯೂಸು ಮೂಗಿಗೆ ಹತ್ತಿತು. ಕೆಮ್ಮುತ್ತಾ ನಗತೊಡಗಿದರು, ನಗುತ್ತಾ ಕೆಮ್ಮತೊಡಗಿದರು. ಬೀದಿಯ ಆಚೆಯಿಂದ ಅಪ್ಪ ಅದನ್ನು ನೋಡಿ ಕುಣಿಯುವುದನ್ನು ನಿಲ್ಲಿಸಿದರು. ಆಮೇಲೆ ಗೆಳೆಯನ ಬೆನ್ನು ತಟ್ಟಲು ಬೀದಿ ದಾಟಿ ಓಡಿ ಬಂದರು.