ಚಿತ್ರದೊಳಗಿನ ಸ್ವರದ ಹಾಳೆ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಚಿತ್ರಶಾಲೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥೆ ಠಾಣೆಗೆ ಬಂದು ದೂರು ಕೊಟ್ಟಳು. ಮುನ್ನೂರು ವರ್ಷ ಹಳೆಯ ಚಿತ್ರ. ವಾದ್ಯ ಹಿಡಿದು ಕೂತ ಹೆಂಗಸಿನ ಮಡಿಲಲ್ಲಿ ಸ್ವರ ಬರೆದ ಹಾಳೆ. ಯಾರಿಗೂ ಬಗೆಹರಿಯದ ಆ ಸ್ವರಗಳನ್ನು ಇವಳ ಕೃತಕ ಬುದ್ಧಿಮತ್ತೆ ಒಂಬತ್ತೇ ದಿನದಲ್ಲಿ ಓದಿ ನುಡಿಸಿತ್ತು. ಈಗ ಯಾರೋ ಚಿತ್ರದಲ್ಲಿನ ಆ ಹಾಳೆಯ ಮೇಲೆ ಕಪ್ಪು ಬಣ್ಣ ಬಳಿದಿದ್ದರು.

“ನಾಳೆ ತಜ್ಞರು ತಾಳೆ ನೋಡೋಕೆ ಬರ್ತಾರೆ ಸಾರ್. ಮೂಲವೇ ಇಲ್ಲದಿದ್ರೆ ನಾನು ಹೇಳಿದ್ದೆಲ್ಲ ಬುರುಡೆ ಅಂತಾರೆ.”

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ 10.30ಕ್ಕೆ ಸ್ಥಳ ಪಂಚನಾಮೆಗೆ ಹೋದರು. ಬೀಗ ಮುರಿದಿರಲಿಲ್ಲ. ಬೆಳೆ ಮೇದ ದನದ ಹೆಜ್ಜೆ ಹುಡುಕುವ ರೈತನಂತೆ ಅವರು ಚಿತ್ರದ ಮುಂದೆ ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತರು. ಕಪ್ಪು ಬಣ್ಣ ಹಾಳೆಯ ಅಂಚಿಗೆ ಸರಿಯಾಗಿ ನಿಂತಿತ್ತು. ಹೆಂಗಸಿನ ಬೆರಳಿಗಾಗಲಿ ಬಟ್ಟೆಯ ನೆರಿಗೆಗಾಗಲಿ ಒಂದು ಹನಿ ತಾಗಿರಲಿಲ್ಲ.

“ಹಾಳು ಮಾಡೋಕೆ ಬಂದವನಿಗೆ ಇಷ್ಟು ನಾಜೂಕು ಯಾಕಮ್ಮ?”

“ಮಗುಗೆ ಕಾಡಿಗೆ ತೀಡಿದ ಹಾಗಿದೆ ಸಾರ್,” ಎಂದಳು ಜೊತೆಗೆ ಬಂದಿದ್ದ ಮಹಿಳಾ ಪೇದೆ.

ವಿಧಿವಿಜ್ಞಾನದವರು ಒದ್ದೆ ಹತ್ತಿಯಿಂದ ಒಂದು ಮೂಲೆ ಒರೆಸಿದರು. ಬಣ್ಣ ಬಿಟ್ಟು ಬಂತು. ಕೆಳಗೆ ಸ್ವರಗಳು ಹಾಗೇ ಇದ್ದವು.

“ಇಂಥ ಬಣ್ಣ ಯಾರು ಬಳಸ್ತಾರೆ?”

“ಹಳೇ ಚಿತ್ರ ದುರಸ್ತಿ ಮಾಡೋರು. ತಾವು ಹಚ್ಚಿದ್ದನ್ನ ಮುಂದೆ ಯಾರು ಬೇಕಾದ್ರೂ ತೆಗೆಯೋ ಹಾಗಿರಬೇಕು, ಅದು ಅವರ ಕಸುಬಿನ ಕಟ್ಟಳೆ...” ದೂರುದಾರಳ ದನಿ ಇಳಿಯಿತು.

“ಇಲ್ಲಿ ಅಂಥವರು ಎಷ್ಟು ಜನ?”

“ಒಬ್ಬರೇ. ನಮ್ಮಕ್ಕ.”

ಮಧ್ಯಾಹ್ನ 2.15. ದುರಸ್ತಿ ಕೋಣೆಯಲ್ಲಿ ಅಕ್ಕ ಕುಂಚ ತೊಳೆಯುತ್ತಿದ್ದಳು.

“ನಿನ್ನೆ ಸಂಜೆ ಎಲ್ಲಿದ್ರಿ?”

“ಇಲ್ಲೇ. ಸುತ್ತಿ ಬಳಸಿ ಕೇಳ್ಬೇಡಿ. ನಾನೇ ಹಚ್ಚಿದ್ದು.”

“ಒರೆಸಿದ್ರೂ ಹೋಗದ ಗಟ್ಟಿ ಬಣ್ಣ ಇರಲಿಲ್ವಾ?”

“ಇತ್ತು. ಕೈ ಬರಲಿಲ್ಲ.”

ಹೇಳಿಕೆ ದಾಖಲಾಯಿತು. ಆ ಹಾಳೆ ಓದಲು ಇಪ್ಪತ್ತೆರಡು ವರ್ಷ ಹೆಣಗಿ ಅವಳು ಹದಿನಾಲ್ಕು ನೋಟ್‌ಬುಕ್ ತುಂಬಿಸಿದ್ದಳು. ತಂಗಿ ಅವನ್ನು ಕೇಳಿ ತೆಗೆದುಕೊಂಡು ಯಂತ್ರಕ್ಕೆ ಉಣಿಸಿದ್ದಳು.

“ಸ್ವರದ ಗಂಧಗಾಳಿ ಇಲ್ಲದವಳು ಪೇಪರಲ್ಲಿ ಹಲ್ಲು ಕಿರಿದು ನಿಂತಳು. ಅದನ್ನೂ ತಡ್ಕೊಂಡೆ. ಯಂತ್ರ ಮೊದಲ ಸಲ ನುಡಿಸಿದಾಗ ಇಡೀ ಆಫೀಸನ್ನ ಕೂಗಿ ಕರೆದಳು. ಪಕ್ಕದ ಕೋಣೇಲಿದ್ದ ನನ್ನ ಕರೀಲಿಲ್ಲ. ಹೊಟ್ಟೆ ಉರೀತು ಸಾರ್. ಹಾಗೇ ಬರ್ಕೊಳ್ಳಿ.”

3.40ಕ್ಕೆ ಬಂಧನ. ಜೀಪಿನ ಬಳಿ ತಂಗಿ ಫೋನ್ ಹಿಡಿದು ನಿಂತಳು. “ಅಕ್ಕಾ, ಯಂತ್ರ ನುಡಿಸಿದ್ದು ಇದರಲ್ಲಿದೆ. ಕೇಳ್ತೀಯಾ?”

ಅಕ್ಕ ಮುಖ ತಿರುಗಿಸಿದಳು. ಜೀಪಿಗೆ ಒಂದು ಕಾಲಿಟ್ಟು, “ಎಷ್ಟು ಉದ್ದ ಇದೆ?” ಎಂದಳು.

“ಎರಡು ನಿಮಿಷ.”

ಚಾಲಕ ಕೀಲಿ ತಿರುಗಿಸುವವನಿದ್ದ. ಇನ್‌ಸ್ಪೆಕ್ಟರ್ ಅವನ ಕೈ ಹಿಡಿದರು.